ತಪ್ಪಾಯಿತೆಂದು ಹೇಳಲು ಬಸ್ಸು ಹತ್ತಿದವಳು

ತಿಕೋಟಾ ದಾಟಿ ಬಸ್ಸು ಹೊಲಗಳ ನಡುವಿನ ದಾರಿ ಹಿಡಿದಾಗ ಕಿಟಕಿಯಿಂದ ಗಂಧಕದ ಹೊಗೆಯ ವಾಸನೆ ನುಗ್ಗಿತು. ಒಣದ್ರಾಕ್ಷಿಗೆ ಬಣ್ಣ ಬರಲೆಂದು ಶೆಡ್ಡುಗಳಲ್ಲಿ ಹಾಕುವ ಹೊಗೆ ಅದು. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ಆ ವಾಸನೆ ಬಂದರೆ ಸಾಕು, ನಮ್ಮ ದೊಡ್ಡಮ್ಮ ಬಂದು ಪಕ್ಕದಲ್ಲಿ ಕುಳಿತಂತಾಗುತ್ತದೆ... ಬಿಳಿ ಸೀರೆ, ತೊಡೆಯ ಮೇಲೆ ಬಟ್ಟೆಯ ಕೈಚೀಲ, ಬಿಗಿದ ತುಟಿ. ಇದೇ ದಾರಿಯಲ್ಲಿ ನಾವಿಬ್ಬರೂ ವರ್ಷಗಳ ಹಿಂದೆ ಒಮ್ಮೆ ಘೋಣಸಗಿಗೆ ಹೋಗಿದ್ದೆವು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ವಿಜಯಪುರದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಒಬ್ಬಳೇ ಇದ್ದಳು. ಅವಳ ಪಡಸಾಲೆಯಲ್ಲೇ ನಮ್ಮ ಪುಟ್ಟ ಕ್ರೈಸ್ತ ಸಭೆ ಭಾನುವಾರ ಸೇರುತ್ತಿತ್ತು. ನಾವು ಜಲನಗರದಿಂದ ಅಪ್ಪನ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಪ್ರಸಂಗದ ನಡುವೆ ಗೂಡ್ಸ್ ಗಾಡಿ ಬಂದರೆ ಅದು ಹೋಗುವವರೆಗೆ ಪಾಸ್ಟರ್ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತಿತ್ತು. ಉದ್ದನೆಯ ಗೂಡ್ಸ್ ಗಾಡಿ ಎಂದರೆ ಮಕ್ಕಳಾದ ನಮಗೆಲ್ಲ ಬಲು ಪ್ರೀತಿ.

ಹಾಡು ಮುಗಿದ ಮೇಲೆ ಎಲ್ಲರೂ ಜಮಖಾನೆಯ ಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದಿತ್ತು. ಅದಕ್ಕೆ 'ಕಾಯೋ ಹೊತ್ತು' ಎನ್ನುತ್ತಿದ್ದೆವು. ಆಗ ಯಾರಿಗಾದರೂ ದೇವರ ಸ್ವರ ಕೇಳಿಸಿ, ಇನ್ನೊಬ್ಬರಿಗಾಗಿ ಒಂದು ಮಾತು ಬಂದರೆ ಅದನ್ನು ಅಲ್ಲೇ ಹೇಳಿಬಿಡುವಂತಿರಲಿಲ್ಲ. ಮೊದಲು ಸಭೆಯ ಹಿರಿಯರಿಗೆ ತಿಳಿಸಬೇಕು. ಅವರು ವಾರವಿಡೀ ಪ್ರಾರ್ಥಿಸಿ, ಅದು ದೇವರದೋ ಹೇಳಿದವರದೋ ಎಂದು ತೂಗಿ ನೋಡಬೇಕು. ಆಮೇಲಷ್ಟೇ ಆ ಮಾತು ಸಂಬಂಧಪಟ್ಟವರ ಕಿವಿಗೆ ಬೀಳಬೇಕು. ಪ್ರವಾದನೆ ಎನಿಸಿಕೊಂಡ ಇಂಥ ಎಷ್ಟೋ ಮಾತುಗಳು ಈ ತೂಕದಲ್ಲೇ ಉದುರಿ ಹೋದವು. ನಮ್ಮಲ್ಲಿ ಒಬ್ಬ ಹಿರಿಯ ಹೆಂಗಸಿಗೆ ದೇವರು ಯಾವಾಗಲೂ ಅವಳ ಸೊಸೆಯ ಬಗ್ಗೆಯೇ ಮಾತಾಡುತ್ತಿದ್ದ. ಅದೊಂದೂ ತೂಕಕ್ಕೆ ನಿಲ್ಲಲಿಲ್ಲ.

ದೊಡ್ಡಮ್ಮನ ಮಾತನ್ನು ಮಾತ್ರ ಯಾರೂ ತೂಗುತ್ತಿರಲಿಲ್ಲ. ಬಬಲೇಶ್ವರದ ಒಬ್ಬರಿಗೆ "ಈ ವಾರದಾಗ ತಮ್ಮನ ಮನಿಗಿ ಹೋಗಿ ಬರ್ರಿ" ಎಂದಿದ್ದಳು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅವರು ಹೋಗಿ ತಮ್ಮನ ಜೊತೆ ಉಂಡು ಬಂದರು. ಸ್ವಲ್ಪ ದಿನಕ್ಕೆ ಆ ತಮ್ಮ ತೀರಿಕೊಂಡ. ಇಂಥವು ಇನ್ನೂ ಇದ್ದವು. ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಕೂಡ ಮೊಮ್ಮಗನಿಗೆ ಜ್ವರ ಬಂದರೆ ಗೋಡೆಯಾಚೆಯಿಂದ ದೊಡ್ಡಮ್ಮನನ್ನು ಕೂಗಿ, "ನರ್ಸ್ ಬಾಯಿ, ನಿಮ್ಮ ದೇವರ್ನ ಒಂದೀಟ ಕೇಳಿ ನೋಡ್ರಿ" ಎನ್ನುತ್ತಿದ್ದಳು. ಹೀಗಾಗಿ ದೊಡ್ಡಮ್ಮ ನುಡಿದರೆ ಹಿರಿಯರು ತೂಗುವುದನ್ನು ಬಿಟ್ಟು ನೇರವಾಗಿ 'ದೇವರಿಗೆ ಸ್ತೋತ್ರ' ಎಂದು ಒಪ್ಪಿಬಿಡುತ್ತಿದ್ದರು.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಘೋಣಸಗಿಯಿಂದ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಮೂರ್ಛೆ ಬೇನೆ. ಗುಳಿಗೆ ನಡೆದಿತ್ತು. ದೊಡ್ಡಮ್ಮ ಆ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಆಮೇಲೆ ಕಾಯುವ ಹೊತ್ತಿನಲ್ಲಿ ಕಣ್ಣು ತೆರೆಯದೆ ನುಡಿದಳು: "ದೇವರು ಮುಟ್ಟ್ಯಾನ. ಕೂಸು ಆರಾಮಾಗೇತಿ." ಪಡಸಾಲೆ ತುಂಬ ಸ್ತೋತ್ರ ಎದ್ದಿತು. ಎಂದಿನಂತೆ ಯಾರೂ ತೂಗಲಿಲ್ಲ.

ಕೆಲವು ವಾರಗಳ ನಂತರ ಸುದ್ದಿ ಬಂತು. ಆ ತಾಯಿ ಮನೆಗೆ ಹೋದ ದಿನವೇ ಗುಳಿಗೆಯನ್ನೆಲ್ಲ ತಿಪ್ಪೆಗೆ ಎಸೆದಿದ್ದಳು. ಹುಡುಗಿಗೆ ಮತ್ತೆ ಮತ್ತೆ ಮೂರ್ಛೆ ಬರುತ್ತಿತ್ತು. ಗಂಡ ಬೈದರೂ, ನೆರೆಯವರು ಹೇಳಿದರೂ ಅವಳು ಜಗ್ಗಲಿಲ್ಲ. ಗುಳಿಗೆ ಕೊಟ್ಟರೆ ದೇವರ ಮಾತು ಸುಳ್ಳೆಂದಂತೆ ಆಗುತ್ತದೆ, ಇದು ನನ್ನ ವಿಶ್ವಾಸದ ಪರೀಕ್ಷೆ ಎನ್ನುತ್ತಿದ್ದಳಂತೆ.

ಹಿರಿಯರೆಲ್ಲ ದೊಡ್ಡಮ್ಮನ ಮನೆಯಲ್ಲಿ ಸೇರಿದರು. ನಾನು ಚಹಾ ಕೊಡುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಪಾಸ್ಟರ್ ಒಳ್ಳೆಯ ಮನುಷ್ಯರೇ. ಆದರೆ ಸಭೆ ಒಡೆದೀತೆಂಬ ಹೆದರಿಕೆ ಅವರಿಗೆ. "ಗುಳಿಗಿ ಬಿಡ್ರಿ ಅಂತ ನೀವೇನ ಹೇಳಿಲ್ಲಲ್ರಿ ಅಕ್ಕಾರ. ಫೋನ್ ಮಾಡಿ ಗುಳಿಗಿ ಶುರು ಮಾಡಂತ ಹೇಳಿಬಿಡ್ರಿ. ಹಿಂದಿನ ಮಾತು ಯಾಕ ಎತ್ತತೀರಿ?" ಎಂದರು.

ದೊಡ್ಡಮ್ಮ ಕಪ್ಪನ್ನು ಕೆಳಗಿಟ್ಟಳು. "ಬರೇ ಗುಳಿಗಿ ಕೊಡು ಅಂದ್ರ ಆಕಿ ಕೊಡಂಗಿಲ್ರಿ. ನಾ ಆಡಿದ ಮಾತು ನಾನ ವಾಪಸ್ ತಗೋಬೇಕು. ನಾ ನರ್ಸ್ ಇದ್ದಾಕಿ. ಗುಳಿಗಿ ಬಿಟ್ರ ಏನಾಗ್ತೈತಿ ಅಂತ ನನಗ ಗೊತ್ತೈತಿ."

ಮರುದಿನ ಬೆಳಿಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು.

ಆ ತಾಯಿ ನಮ್ಮನ್ನು ಕಂಡು ಹಿಗ್ಗಿದಳು. ಕಂಬಳಿ ಹಾಸಿದಳು. ಮತ್ತೆ ಪ್ರಾರ್ಥನೆ ಮಾಡಲು ಬಂದಿದ್ದಾರೆಂದು ಓಣಿಯವರನ್ನೆಲ್ಲ ಕೂಗಿ ಕರೆದಳು. ಮೂಲೆಯಲ್ಲಿ ಮಲಗಿದ್ದ ಹುಡುಗಿಯ ಹಣೆ ಬಿದ್ದ ಏಟಿಗೆ ಊದಿಕೊಂಡಿತ್ತು. ದೊಡ್ಡಮ್ಮ ಕಂಬಳಿಯ ಮೇಲೆ ಕೂರಲಿಲ್ಲ.

"ನಾ ಪ್ರಾರ್ಥನಾ ಮಾಡಾಕ ಬಂದಿಲ್ಲವ್ವಾ. ಅವತ್ತ ನಾ ಹೇಳಿದ ಮಾತು ದೇವರದಲ್ಲ, ಅದು ನಂದು. ನಿನ್ನ ಮಗಳ್ನ ನೋಡಿ ಆರಾಮ ಆಗ್ಲಿ ಅನಸ್ತು. ಆ ಅನಿಸಿಕಿಗೆ ದೇವರ ಹೆಸರು ಹಚ್ಚಿಬಿಟ್ನಿ. ತಪ್ಪಾಗೇತಿ. ಗುಳಿಗಿ ಕೊಟ್ರ ನೀ ದೇವರ ಮಾತು ಮೀರಿದಂಗ ಆಗಂಗಿಲ್ಲ."

ಆ ತಾಯಿ ಮೂಲೆಯಲ್ಲಿದ್ದ ಮಗಳತ್ತ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಹಂಗಾರ ನನ್ನ ಮಗಳ ಬಗ್ಗಿ ದೇವರು ಏನೂ ಹೇಳೇ ಇಲ್ಲೇನ್ರಿ?"

"ನನಗ ಏನೂ ಹೇಳಿಲ್ಲವ್ವಾ" ಎಂದಳು ದೊಡ್ಡಮ್ಮ.

ಅಷ್ಟು ಕಷ್ಟದ ಉತ್ತರವನ್ನು ನಾನು ಅದುವರೆಗೂ ಕೇಳಿರಲಿಲ್ಲ. ಆ ತಾಯಿ ಅತ್ತಳು, ಆಮೇಲೆ ಬೈದಳು. ಇಷ್ಟು ದಿನ ನಿಮ್ಮ ಮಾತು ನಂಬಿ ಕೂತೆನಲ್ಲ ಎಂದಳು. ಬಾಗಿಲಲ್ಲಿ ನಿಂತಿದ್ದ ಜನರಲ್ಲಿ ಯಾರೋ ನಕ್ಕರು. ದೊಡ್ಡಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಒಂದೂ ಸಮಜಾಯಿಷಿ ಕೊಡಲಿಲ್ಲ. ಬೈಗುಳ ಮುಗಿದ ಮೇಲೆ, "ನಡಿ, ದವಾಖಾನಿಗೆ ಹೋಗೂಣು" ಎಂದು ಕೈ ಚಾಚಿದಳು. ಆ ತಾಯಿ ಆ ಕೈ ಹಿಡಿಯಲಿಲ್ಲ. ಆದರೆ ಮಗಳನ್ನು ಎತ್ತಿಕೊಂಡು ನಮ್ಮ ಹಿಂದೆ ಬಂದಳು. ಬಸ್ಸು ಶೆಡ್ಡುಗಳ ಹೊಗೆಯಲ್ಲಿ ಹಾದು ಬರುವಾಗ ಹುಡುಗಿ ದೊಡ್ಡಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ವಿಜಯಪುರದಲ್ಲಿ ಡಾಕ್ಟರು ಆ ದಿನವೇ ಮತ್ತೆ ಗುಳಿಗೆ ಶುರು ಮಾಡಿದರು.

ಮುಂದಿನ ಭಾನುವಾರ ದೊಡ್ಡಮ್ಮ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಇನ್ನು ಮುಂದೆ ಎಲ್ಲರಿಗಿಂತ ಮೊದಲು ನನ್ನ ಮಾತನ್ನು ತೂಗಿರಿ ಎಂದಳು. ಕೆಲವು ಕುಟುಂಬಗಳು ನಮ್ಮನ್ನು ಬಿಟ್ಟು ಬಬಲೇಶ್ವರದಲ್ಲಿ ಹೊಸದಾಗಿ ಶುರುವಾಗಿದ್ದ ಕೂಟಕ್ಕೆ ಹೋದವು. ಅಲ್ಲಿ ಬಂದವರಿಗೆಲ್ಲ ಅದೇ ದಿನ, ತೂಗದೆಯೇ, ದೇವರ ಮಾತು ಸಿಗುತ್ತಿತ್ತು. ನಮ್ಮ ಜಮಖಾನೆಯ ಮೇಲೆ ಜಾಗ ಉಳಿಯತೊಡಗಿತು.

ನನಗೆ ಸಿಟ್ಟು ಬಂದಿತ್ತು. ಹಾಗಾದರೆ ನಿನಗೆ ದೇವರ ಸ್ವರ ಕೇಳಿಸುವುದೇ ಸುಳ್ಳೇನು ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಕೇಳಸ್ತೈತಿ ಬೇ. ಆದ್ರ ನನ್ನ ಆಸೇನೂ ಅದ ದನಿಯೊಳಗ ಮಾತಾಡ್ತೈತಿ. ಅದಕ್ಕ ತೂಗಾಕ ಮಂದಿ ಬೇಕು" ಎಂದಳು.

ಈಗ ಫೋನು ತೆರೆದರೆ ಪ್ರವಾದಿಗಳಿಗೆ ಬರವಿಲ್ಲ. ಯಾರದೋ ಹೆಸರು ಹಿಡಿದು ಕರೆದು ಇಂದು ನಿನಗೆ ಬಿಡುಗಡೆ ಎನ್ನುತ್ತಾರೆ. ನುಡಿದದ್ದು ನಡೆಯದಿದ್ದರೆ ನಮ್ಮ ವಿಶ್ವಾಸ ಸಾಲದು ಎನ್ನುತ್ತಾರೆ. ಅದನ್ನೆಲ್ಲ ಕೇಳಿದಾಗ ನನಗೆ ನಮ್ಮ ದೊಡ್ಡಮ್ಮನ ಬಗ್ಗೆ ಎದೆಯುಬ್ಬುತ್ತದೆ, ಮುಚ್ಚಿಡುವುದೇಕೆ? ಅವಳ ಎಷ್ಟೋ ಮಾತುಗಳು ನಿಜವಾದವು. ಆದರೆ ನನ್ನ ಹೆಮ್ಮೆ ಇರುವುದು ಅವುಗಳಲ್ಲಲ್ಲ.

ಅವಳನ್ನು ಮಣ್ಣು ಮಾಡಿದ ದಿನ ಪಾಸ್ಟರ್ ಅವಳ ಪ್ರವಾದನೆಗಳನ್ನು ಒಂದೊಂದಾಗಿ ನೆನೆದರು. ಘೋಣಸಗಿಯ ಮಾತು ಬರಲಿಲ್ಲ. ಸತ್ತವರ ಮರ್ಯಾದೆ ನೋಡಿಕೊಂಡರು. ಅವರು ಮುಗಿಸಿದ ಮೇಲೆ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಅದೇ ತಾಯಿ. ಪಕ್ಕದಲ್ಲಿ ಬೆಳೆದು ನಿಂತ ಮಗಳು.

"ಈಕಿ ನಮ್ಮ ಮನಿಗಿ ಬಂದು, ಓಣಿ ಮಂದಿ ಮುಂದ, ನಂದು ತಪ್ಪಾಗೇತಿ ಅಂದ್ಲು. ನಾ ಬಾಯಿಗೆ ಬಂದಂಗ ಬೈದೀನಿ. ನನ್ನ ಮಗಳ ಬಗ್ಗಿ ದೇವರು ಏನೂ ಹೇಳಿಲ್ಲ ಅಂತ ಅಂದ್ಲಲ್ರಿ, ದೇವರ ದನಿ ನಾ ಕೇಳಿದ್ದು ಅವತ್ತ" ಎಂದಳು.

ಇಬ್ರಾಹಿಂಪುರದ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಮ್ಮ ಸಭೆ ಒಂದು ಬಾಡಿಗೆ ಹಾಲಿಗೆ ಹೋಗಿದೆ. ಅಲ್ಲಿ ಯಾರಾದರೂ ಎದ್ದು ದೇವರು ನನಗೆ ಹೇಳಿದ್ದಾನೆ ಎಂದಾಗ ನಾನು ಅವರ ಮುಖವನ್ನೇ ನೋಡುತ್ತೇನೆ. ಈ ಮಾತು ತಪ್ಪಾದರೆ ಇವರು ಬಸ್ಸು ಹತ್ತಿಯಾರೇ... ನೋಡುತ್ತಾ ನೋಡುತ್ತಾ, ದೊಡ್ಡಮ್ಮ ಇನ್ನಿಲ್ಲ ಎಂಬುದು ಮತ್ತೊಮ್ಮೆ ಗೊತ್ತಾಗುತ್ತದೆ.