ಮೊಳಕ್ಕೊಂದು ಮನೆ

ಇದರಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಮೂವತ್ತೈದು ವರ್ಷದ ಮೇಲಾಯಿತು. ಹೋದ ವರ್ಷ ಅಮ್ಮ ತೀರಿಕೊಂಡ ದಿನ, ಶವದ ಗಾಡಿಗೆ ಹಾರ ಬಿಗಿಯುತ್ತಿದ್ದವನ ಪಕ್ಕದಲ್ಲಿ ನಿಂತಿದ್ದೆ. ಅವನ ಕಾಲ ಬಳಿಯ ಬಕೆಟ್ಟಿನಲ್ಲಿ ಬಾಳೆನಾರು ನೆನೆಹಾಕಿತ್ತು. ಹೂವಿನದಲ್ಲ, ಆ ಒದ್ದೆ ನಾರಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು... ಮುಂದೆ ಮಲಗಿದ್ದ ಅಮ್ಮನನ್ನು ಬಿಟ್ಟು ನನ್ನ ಮನಸ್ಸು, ಎಂಬತ್ತರ ದಶಕದಲ್ಲಿ ನಮ್ಮ ವಿಜಯನಗರದ ಮನೆಗೆ ದಿನಾ ಹೂ ತರುತ್ತಿದ್ದವಳ ಹತ್ತಿರ ಹೋಯಿತು. ಬೀದಿಗೆಲ್ಲ ಆಕೆ ಹೂವಿನಮ್ಮ.

ನಮ್ಮ ಬೀದಿಯ ಹದಿನೈದಿಪ್ಪತ್ತು ಮನೆಗಳಿಗೆ ಆಕೆಯದು ವರ್ತನೆ ಹೂ. ಬೆಳಗಿನ ಪೂಜೆಗೆ ಮುಂಚೆ ಇಂತಿಷ್ಟು ಮೊಳ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಮತ್ತೆ ಕೇಳಬೇಕಾಗಿರಲಿಲ್ಲ. ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ಹಿಡಿದು ನಡೆದೇ ಬರುತ್ತಿದ್ದಳು. ಮಧ್ಯಾಹ್ನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಸಂಜೆಯ ಹೂ ಕಟ್ಟುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ನಾರು ಸಿಕ್ಕಿಸಿಕೊಂಡು, ನೋಡದೆ, ಮಾತಾಡುತ್ತಲೇ ಕಟ್ಟುವಳು. ಗಂಡ ಬಿಟ್ಟುಹೋಗಿದ್ದ. ಒಬ್ಬಳೇ ಮಗಳು ಹನ್ನೆರಡು ವರ್ಷಕ್ಕೆ ಜ್ವರದಲ್ಲಿ ಹೋಗಿದ್ದಳು.

ಮಗಳು ಹೋದ ಮೇಲೆ ಆಕೆ ಭಾನುವಾರ ಸಂಜೆಯ ಹೂವನ್ನು ತಡವಾಗಿ ತರತೊಡಗಿದಳು. ಕೇಳಿದರೆ, ಮನೆ ಹತ್ತಿರ ಕ್ರೈಸ್ತರ ಶೀಟು ಹೊದಿಸಿದ ಪ್ರಾರ್ಥನಾಮಂದಿರಕ್ಕೆ ಹೋಗುತ್ತೇನೆ ಎಂದು ನನಗೊಬ್ಬನಿಗೆ ಹೇಳಿದಳು. ನಾನಾಗ ನಾಗರಬಾವಿ ಆಚೆಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ದೇವರ ಮಾತು ಬಂದರೆ ಯಾರನ್ನೂ ಬಿಡುತ್ತಿರಲಿಲ್ಲ. ಏನೋ ಪವಾಡದ ಕತೆ ಹೇಳುತ್ತಾಳೆ, ಮುರಿದು ಹಾಕೋಣ ಎಂದು ಕಾದೆ. ಆಕೆ ಹೇಳಿದ್ದು ಇಷ್ಟೇ.

"ಮಗಳೇನು ಉಳೀಲಿಲ್ಲ ಮರಿ. ಆಸ್ಪತ್ರೇಲಿ ಪಕ್ಕದ ಮಂಚದ ಹೆಂಗಸು ಪ್ರಾರ್ಥನೆ ಮಾಡಿದ್ರು, ಆದ್ರೂ ಉಳೀಲಿಲ್ಲ. ಅವರಿಗೆ ಡಿಸ್ಚಾರ್ಜ್ ಆಗಿತ್ತು, ಹೋಗಬೋದಿತ್ತು. ಹೋಗದೆ ನನ್ನ ಜೊತೆ ಮೂರು ದಿನ ಕೂತಿದ್ರು. ಯಾಕಮ್ಮ ಕೂತಿದೀಯ ಅಂದ್ರೆ, ಮೇಲಿನವನು ಕೂತಿರು ಅಂದ ಅಂದ್ರು."

ಮುರಿಯಲು ಇದರಲ್ಲಿ ಪವಾಡವೇ ಇರಲಿಲ್ಲ. ಆದರೂ ಬಿಡದೆ, ಮಗಳನ್ನು ಉಳಿಸದ ದೇವರನ್ನು ಯಾಕೆ ನಂಬುತ್ತೀರಿ ಎಂದೆ. ಆಕೆ ಉತ್ತರ ಕೊಟ್ಟಳೋ ಇಲ್ಲವೋ... ನಾರು ಕಚ್ಚಿ ತುಂಡು ಮಾಡಿದ್ದು ಮಾತ್ರ ನೆನಪಿದೆ.

ಆಮೇಲೆ ಆಕೆಯೇ ಅಕ್ಷರ ಕಲಿಸಿಕೊಡಿ ಎಂದು ಕೇಳಿದಳು. ಸಭೆಯಲ್ಲಿ ಎಲ್ಲರೂ ಪುಸ್ತಕ ತೆರೆದಾಗ ತಾನೊಬ್ಬಳು ತಲೆಕೆಳಗು ಹಿಡಿದು ಕೂರುತ್ತಿದ್ದಳಂತೆ. ನಾನು ಖುಷಿಯಿಂದ ಒಪ್ಪಿದೆ, ಒಳಗೊಂದು ಲೆಕ್ಕಾಚಾರ ಇಟ್ಟುಕೊಂಡೇ. ಓದು ಬಂದರೆ ಪ್ರಶ್ನೆ ಬರುತ್ತದೆ, ಆಮೇಲೆ ನಿಮ್ಮ ಪಾದ್ರಿ ಅಯ್ಯನವರಿಗೆ ಕಷ್ಟ ಹೂವಿನಮ್ಮ, ಎಂದು ರೇಗಿಸಿದೆ. "ಮೊದಲು ನಿಮಗೆ ಕಷ್ಟ ಕೊಡ್ತೀನಿ ಬುಡಿ," ಎಂದಳು. ಸುಮಾರು ಒಂದು ವರ್ಷ ಸ್ಲೇಟು ಹಿಡಿದು ಕೂತಿದ್ದಿರಬೇಕು. ಒತ್ತಕ್ಷರಕ್ಕೆ ಬಂದಾಗ ನನ್ನನ್ನು ಬೈದದ್ದೂ ಉಂಟು. ಕೊನೆಗೆ ಒಂದು ದಿನ ಸುವಾರ್ತೆಯ ಪುಟ್ಟ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು, ಒಂದು ಸಾಲು ತಾನೇ ಓದಿದಳು. ನಾನು ಅಂದುಕೊಂಡಂತೆ ಏನೂ ಆಗಲಿಲ್ಲ. ಓದಿದಷ್ಟೂ ಆಕೆ ಇನ್ನೂ ಒಳಕ್ಕೆ ಹೋದಳು.

ನಂಬಿಕೆ ಬೆಳೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಮೊದಲು ಬದಲಾದದ್ದು ವ್ಯಾಪಾರದ ಮಾತು. ನಿನ್ನೆಯ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಈಗ ತಾನೇ ಬಿಡಿಸಿದ್ದು ಎನ್ನುವುದು ಹೂವಿನವರೆಲ್ಲರ ರೂಢಿ. ಆಕೆ ಅದನ್ನು ಬಿಟ್ಟಳು. ಬಾಗಿಲಲ್ಲಿ ನಿಂತು, ಇವತ್ತಿನದಲ್ಲ ಅಮ್ಮಾವ್ರೇ, ನಿನ್ನೇದು, ಎಂದು ಹೇಳತೊಡಗಿದಳು. ಇವಳಿಗೇನು ತಲೆ ಕೆಟ್ಟಿದೆಯಾ ಎಂದು ಅಮ್ಮ ನಕ್ಕರೂ, ಬೇರೆಯವರ ಹತ್ತಿರ ಆಕೆಯನ್ನು ಹೊಗಳುತ್ತಿದ್ದಳು. ಕಾರಣ ಅಮ್ಮನಿಗೆ ಗೊತ್ತಿರಲಿಲ್ಲ.

ಕುಂಕುಮ ಮಾತ್ರ ಬಿಡಲಾಗಲಿಲ್ಲ. ಬರೀ ಹಣೆಯವಳ ಕೈಯಿಂದ ಪೂಜೆಯ ಹೂ ಯಾರು ತೆಗೆದುಕೊಂಡಾರು? ಭಾನುವಾರ ಸಭೆಗೆ ಹೋಗುವಾಗ ಅಳಿಸಿಕೊಂಡು, ಹೂ ತರುವಾಗ ಮತ್ತೆ ಇಟ್ಟುಕೊಳ್ಳುತ್ತಿದ್ದಳು. ಬಾಯಲ್ಲಿ ಸುಳ್ಳು ಬಿಟ್ಟೆ, ಹಣೇಲಿ ಇನ್ನೂ ಇದೆ, ಎಂದು ಒಮ್ಮೆ ಹೇಳಿದಳು. ನಾನು ನಕ್ಕೆ. ಆಕೆ ನಗಲಿಲ್ಲ.

ಆ ಸಂಕ್ರಾಂತಿಯ ಹೊತ್ತಿಗೆ ದೀಕ್ಷಾಸ್ನಾನದ ಮಾತು ಬಂತು. ನೀರಿನಲ್ಲಿ ಮುಳುಗಿಸಿ, ಹೆಸರು ಬರೆದು, ಸಭೆಗೆ ಪೂರ್ತಿಯಾಗಿ ಸೇರಿಸಿಕೊಳ್ಳುವುದು. ಆಕೆಗೆ ಅದರ ಮೇಲೆ ಎಷ್ಟು ಆಸೆಯಿತ್ತೆಂದರೆ, ಅದಿಲ್ಲದೆ ಸತ್ತರೆ ಮಗಳ ಸಾವಿಗೆ ಜೊತೆ ಕೂತವನ ಮುಖ ನೋಡುವುದು ಹೇಗೆ ಎನ್ನುತ್ತಿದ್ದಳು. ಆದರೆ ಸಭೆಯ ಅಯ್ಯನವರು, ಮೂರ್ತಿಗೆ ಏರಿಸುವ ಹೂ ಕಟ್ಟುವುದನ್ನು ಬಿಟ್ಟು ಬಾ ಎಂದರಂತೆ. ಬಿಟ್ಟರೆ ಉಣ್ಣುವುದು ಹೇಗೆ? ಆರನೇ ವಯಸ್ಸಿನಿಂದ ಆಕೆಯ ಬೆರಳಿಗೆ ಗೊತ್ತಿದ್ದದ್ದು ಅದೊಂದೇ. ನನ್ನನ್ನು ಕೇಳಿದಳು. ಇದೇ ನೋಡಿ ಧರ್ಮ ಅಂದರೆ, ಎಂದು ಏನೋ ದೊಡ್ಡದಾಗಿ ಹೇಳಿ, ಪ್ರಬಂಧದ ಕೆಲಸಕ್ಕೆಂದು ತುಮಕೂರಿನ ಕಡೆ ಹೊರಟುಹೋದೆ. ಐದಾರು ತಿಂಗಳು ಮನೆ ಕಡೆ ಸುಳಿಯಲಿಲ್ಲ.

ತಿರುಗಿ ಬಂದದ್ದು ಶ್ರಾವಣದಲ್ಲಿ. ಅದೇ ಮೆಟ್ಟಿಲು, ಅದೇ ಬುಟ್ಟಿ. ಆಕೆಯ ಮುಖ ಮಾತ್ರ ಹಗುರಾಗಿತ್ತು. ಹಣೆಯಲ್ಲಿ ಕುಂಕುಮ ಇತ್ತೋ ಇಲ್ಲವೋ... ಎಷ್ಟು ಯತ್ನಿಸಿದರೂ ಅದು ನೆನಪಾಗುತ್ತಿಲ್ಲ.

"ದಾರಿ ಸಿಕ್ತು ಮರಿ," ಎಂದಳು. "ಒಂದು ಮೊಳಕ್ಕೆ ಒಂದು ಮನೆ. ಕಟ್ತಾ ಕಟ್ತಾ ಆ ಮನೆಯವರ ಹೆಸರು ಹೇಳಿ ಅವನ ಕೈಗೆ ಒಪ್ಪಿಸ್ತೀನಿ. ಹೂ ಎಲ್ಲಿಗಾದ್ರೂ ಹೋಗ್ಲಿ, ಮನೆ ಅವನ ಕೈಲಿರ್ಲಿ. ನಿಮ್ಮದು ಮೂರು ಮೊಳ ಅಲ್ವಾ, ಒಂದು ನಿಮಗೆ, ಎರಡು ಅಮ್ಮಾವ್ರಿಗೆ."

ಅಯ್ಯನವರ ವಿಷಯ ಏನೋ ಹೇಳಲು ಹೊರಟಿದ್ದಳು. ನಾನು ಮಧ್ಯೆ ಬಾಯಿ ಹಾಕಿ, ನನಗ್ಯಾಕೆ ಒಂದೇ ಮೊಳ ಎಂದು ತಮಾಷೆ ಮಾಡಿದೆ. ಆ ಮಾತು ಅಲ್ಲಿಗೇ ನಿಂತಿತು.

ಇದನ್ನು ನಾನು ಅಮ್ಮನಿಗೆ ಹೇಳಿದೆ. ಆಕೆಯನ್ನು ಮೆಚ್ಚಿ ಹೇಳಿದೆನೋ, ಅಮ್ಮನನ್ನು ಕೆಣಕಲು ಹೇಳಿದೆನೋ, ಇಲ್ಲಿಯೇ ನನ್ನ ನೆನಪು ಕೈಕೊಡುತ್ತದೆ. ಎಷ್ಟೋ ವರ್ಷ ಮೆಚ್ಚಿಯೇ ಹೇಳಿದ್ದೆ ಎಂದು ನಂಬಿದ್ದೆ. ಈಗ ನಂಬಿಕೆಯಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇತ್ತು. ಅಮ್ಮ ದೇವರ ಬೆಳ್ಳಿ ಸಾಮಾನು ತಿಕ್ಕುತ್ತಿದ್ದಳು. ಕೈ ನಿಂತಿತು.

"ಬೇರೆ ದೇವರ ಹೆಸರು ಹೇಳಿ ಒಪ್ಪಿಸಿದ ಮೇಲೆ ಅದು ನಿರ್ಮಾಲ್ಯ ಕಣೋ. ಒಂದು ಸಲ ಏರಿಸಿದ ಹೂವನ್ನ ನಾನು ಮತ್ತೆ ಏರಿಸ್ತಾ ಇದ್ನಾ ಇಷ್ಟು ದಿನ?"

ಒಪ್ಪಿಸಿದ್ದು ಹೂವನ್ನಲ್ಲ, ನಮ್ಮನ್ನು, ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಮ್ಮನ ಮಾತಿನ ತರ್ಕ ನನಗೆ ಎಷ್ಟು ಸ್ವಾರಸ್ಯ ಅನಿಸಿತೆಂದರೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ನನ್ನ ಓದು ಕೆಲಸಕ್ಕೆ ಬಂದದ್ದು ಅಷ್ಟಕ್ಕೆ.

ಅಮ್ಮ ಕೆಟ್ಟವಳಲ್ಲ. ಹೂವಿನಮ್ಮನಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು. ಆದರೆ ಅಕ್ಕಪಕ್ಕದವರೂ ತಿಳಿಯದೆ ಅದೇ ತಪ್ಪು ಮಾಡಬಾರದು ಎಂದು ಅವತ್ತೇ ಬೀದಿಯ ಮನೆಮನೆಗೂ ಹೇಳಿಬಂದಳು. ಹಬ್ಬದ ಹಿಂದಿನ ಬೆಳಗ್ಗೆ ಹೂವಿನಮ್ಮ ತುಂಬಿದ ಬುಟ್ಟಿ ಹೊತ್ತು ಬಂದಾಗ ಒಂದು ಮನೆಯವರೂ ತೆಗೆದುಕೊಳ್ಳಲಿಲ್ಲ. ಯಾರೂ ಜೋರು ಮಾಡಲಿಲ್ಲ. ಬೇರೆ ಕಡೆ ಹೇಳಿಬಿಟ್ಟಿದೀವಿ, ಎಂದರು ಅಷ್ಟೇ. ನಮ್ಮ ಗೇಟಿಗೆ ಬಂದಾಗ ಅಮ್ಮ ಒಳಗಿಂದಲೇ ಬೇಡ ಎಂದಳು. ನಾನು ಕಿಟಕಿಯ ಹತ್ತಿರ ಇದ್ದೆ. ಆಕೆ ಕಿಟಕಿಯತ್ತ ನೋಡಿದಂತೆ ನೆನಪು. ನೋಡಿರಲಿಕ್ಕಿಲ್ಲ... ಬುಟ್ಟಿ ಇಳಿಸದೆ ಹಾಗೇ ಹೊರಟುಹೋದಳು.

ಆಮೇಲೆ ಆಕೆ ಸುಂಕದಕಟ್ಟೆಯ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಕಬ್ಬಿಣದ ಸಾಮಾನನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆದು ಹೊಳಪು ಕೊಡುವ ಕೆಲಸ. ವರ್ಷದ ನಂತರ ಮಾಗಡಿ ರಸ್ತೆಯ ಬಸ್ಸಿನಲ್ಲಿ ಸಿಕ್ಕಾಗ ಗುರುತು ಹಿಡಿಯುವುದು ಕಷ್ಟವಾಯಿತು. ಕೈಬೆರಳ ಚರ್ಮ ಸುಲಿದು ಬೆಳ್ಳಗಾಗಿತ್ತು, ಎರಡು ಮಾತಿಗೊಮ್ಮೆ ಕೆಮ್ಮು. ಅಮ್ಮಾವ್ರು ಚೆನ್ನಾಗಿದಾರಾ ಎಂದು ಕೇಳಿದಳು. ನಾನು ಏನಾದರೂ ಹೇಳಲೇಬೇಕಿತ್ತು. ನಿಲ್ದಾಣ ಹತ್ತಿರ ಬರುತ್ತಿತ್ತು. ಆಕೆಯೇ ಹೇಳಿದಳು.

"ನಿಮ್ಮ ಮನೆ ಹೆಸರು ಈಗ್ಲೂ ಹೇಳ್ತೀನಿ ಮರಿ. ಕೈಯಲ್ಲಿ ಹೂವಿಲ್ದೆ ಯಾವ ಮನೆ ಆಯ್ತು, ಯಾವ್ದು ಬಿಟ್ಟೆ ಗೊತ್ತಾಗಲ್ಲ, ಅಷ್ಟೇ."

ಈ ಮಾತನ್ನು ಆಕೆ ಹೇಳಿದಳೋ, ನಾನೇ ಹೇಳಿಸಿಕೊಂಡೆನೋ ತಿಳಿಯದು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು ಎಂದು ಹಾಲಿನವನು ಹೇಳಿದ. ಮಣ್ಣಿಗೆ ನಾನು ಹೋಗಲಿಲ್ಲ. ಎಲ್ಲಿ ಎಂದೂ ವಿಚಾರಿಸಲಿಲ್ಲ.

ಇಷ್ಟು ವರ್ಷ ಒಂದು ಸಮಾಧಾನ ಹಿಡಿದುಕೊಂಡು ಬದುಕಿದ್ದೆ. ಹೇಗಿದ್ದರೂ ದೀಕ್ಷಾಸ್ನಾನ ಆಗಬೇಕಾದರೆ ಹೂವಿನ ಕೆಲಸ ಬಿಡಲೇಬೇಕಿತ್ತಲ್ಲ, ಅಯ್ಯನವರೇ ಹೇಳಿದ್ದರಲ್ಲ, ಇವತ್ತಲ್ಲ ನಾಳೆ ಆ ಶೆಡ್ಡಿಗೇ ಹೋಗುತ್ತಿದ್ದಳು, ನನ್ನ ಮಾತಿನಿಂದ ಸ್ವಲ್ಪ ಬೇಗ ಆಯಿತು, ಅಷ್ಟೇ. ಅಮ್ಮನನ್ನು ಕೊನೆಯ ವರ್ಷಗಳಲ್ಲಿ ಕೇಳಿದ್ದೆ. ಯಾವ ಹೂವಿನವಳೋ, ನೆನಪಿಲ್ಲಪ್ಪ, ಎಂದಿದ್ದಳು. ಈಗ ಅಮ್ಮನೂ ಇಲ್ಲ. ಹೂವಿನಮ್ಮನನ್ನು ಬಲ್ಲವರು ಆ ಬೀದಿಯಲ್ಲಿ ಯಾರೂ ಉಳಿದಿಲ್ಲ.

ಅಮ್ಮನ ಕಾರ್ಯ ಎಲ್ಲ ಮುಗಿದ ಮೇಲೆ ಸುಂಕದಕಟ್ಟೆಗೆ ಹೋದೆ. ಶೀಟು ಹೋಗಿ ಎರಡಂತಸ್ತಿನ ಕಟ್ಟಡ ಬಂದಿದೆ. ಈಗಿನ ಅಯ್ಯನವರು ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ನಾನು ಯಾರು, ಯಾಕೆ ಎಂದು ಹೆಚ್ಚು ಕೇಳದೆ ಹಳೆಯ ರಿಜಿಸ್ಟರು ತೆಗೆದುಕೊಟ್ಟರು. ಅರ್ಧ ಗಂಟೆ ಹುಡುಕಿದೆ. ಸಿಕ್ಕಿತು. ಉದ್ಯೋಗ ಎಂಬಲ್ಲಿ ಹೂ ಕಟ್ಟುವುದು ಎಂದಿದೆ. ಎದುರಿಗೆ ಆಕೆಯದೇ ರುಜು, ಒತ್ತಕ್ಷರ ಸರಿಯಾಗಿಯೇ ಇದೆ. ವರ್ಷ ನಾನು ತುಮಕೂರಿಗೆ ಹೋದ ವರ್ಷವೇ, ಅದನ್ನು ನನ್ನ ಪ್ರಬಂಧದ ಮೊದಲ ಪುಟದ ಜೊತೆ ಇಟ್ಟು ನೋಡಿದ್ದೇನೆ. ಹೂವಿನಮ್ಮನಿಗೆ ದೀಕ್ಷಾಸ್ನಾನ ಆದದ್ದು ಯುಗಾದಿಗೆ ಹಿಂದಿನ ಭಾನುವಾರ. ನಾನು ಅಮ್ಮನಿಗೆ ಹೇಳಿದ್ದು ಶ್ರಾವಣದಲ್ಲಿ.