ಇಸ್ತ್ರಿ ಅತ್ತೆ ಕೊಡದ ಕೆಂಡ

ಮೊನ್ನೆ ನಮ್ಮ ಬೀದಿಯ ಇಸ್ತ್ರಿಯವನು ಗಂಜಿ ಹಾಕಿದ ಪಂಚೆಗೆ ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಒತ್ತಿದ. ಭುಸ್ಸೆಂದು ಎದ್ದ ಆ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಇಸ್ತ್ರಿ ಅತ್ತೆ...

ಪಕ್ಕದ ಮನೆಯ ಕ್ರೈಸ್ತರು ಅವರು. ಪಾದ್ರಿಗಳ ನಿಲುವಂಗಿಗಳಿಗೆ ಇಸ್ತ್ರಿ ಮಾಡಿಕೊಡುತ್ತಿದ್ದರು. ಬೀದಿಯ ಮಕ್ಕಳಿಗೆಲ್ಲ ಅತ್ತೆ.

ನನಗಾಗ ಐದು ವರ್ಷವಿದ್ದೀತು. ಮೈಸೂರಿಗೆ ಪ್ಲೇಗು ಬಂದು, ಇಲಿ ಸತ್ತು ಬಿದ್ದ ಮನೆಗಳನ್ನು ಖಾಲಿ ಮಾಡಿ, ಎಲ್ಲರೂ ಕುಂಬಾರಕೊಪ್ಪಲಿನಾಚೆ ಶೆಡ್ಡು ಹಾಕಿಕೊಂಡಿದ್ದೆವು. ಅಮ್ಮ ಅಲ್ಲೇ ತೀರಿಕೊಂಡಳು. ನನಗೆ ಮಾತ್ರ "ತವರಿಗೆ ಹೋಗವ್ಳೆ" ಎಂದಿದ್ದರು. ಎಳೆಯ ಮಕ್ಕಳಿಗೆ ಸಾವು ತಿಳಿಸಬಾರದೆಂಬುದು ನಮ್ಮ ಮನೆಯ ರೂಢಿ.

ಪ್ಲೇಗು ಇಳಿದು ಮನೆಗೆ ಮರಳಿದ ಮೇಲೆ ನನ್ನ ಮೈಯೊಳಗೆ ಭೂತ ಹೊಕ್ಕಿದೆಯೆಂದೇ ಅಜ್ಜಿ ನಂಬಿದಳು. ಸಂಜೆ ಅವಳು ಬಾಗಿಲಿಗೆ ಅಗುಳಿ ಹಾಕಲು ಎದ್ದರೆ ಸಾಕು, ಕಿರುಚಿ, ತಟ್ಟೆ ಎಸೆದು, ಅವಳ ಕೈ ಕಚ್ಚುತ್ತಿದ್ದೆ. ಹಠಮಾರಿ ಮಕ್ಕಳಿಗೆ ಕಾಯಿಸಿದ ಬಳೆಚೂರಿನಿಂದ ಬರೆ ಎಳೆಯುತ್ತಿದ್ದ ಕಾಲ ಅದು. ಒಂದು ಸಂಜೆ ಅಜ್ಜಿ ನನ್ನನ್ನು ದರದರ ಎಳೆದುಕೊಂಡೇ ಅತ್ತೆಯ ಜಗುಲಿಗೆ ಹೋದಳು.

"ಒಸಿ ಕೆಂಡ ಕೊಡವ್ವ. ಈ ಮಾರಿಗೆ ಇವತ್ತು ಬರೆ ಹಾಕ್ಬುಡ್ತೀನಿ."

ಅತ್ತೆ ಇಸ್ತ್ರಿಪೆಟ್ಟಿಗೆಯ ಮುಚ್ಚಳ ಮುಚ್ಚಿ ಕೊಂಡಿ ಹಾಕಿದರು. "ಕೊಡಾಕಿಲ್ಲ. ಶೆಡ್ಡಲ್ಲಿದ್ದಾಗ್ಲೂ ಹಿಂಗೇ ಕಚ್ತಿತ್ತಾ ಮಗು?"

"ಅಲ್ಲಿ ಸಾಧುವಾಗೇ ಇತ್ತು ಕಣವ್ವ. ಬಾಗ್ಲು ಹಾಕೋ ರಗಳೆನೇ ಇರ್ನಿಲ್ಲ, ಬರೀ ಚಾಪೆ ಇಳಿಬುಡ್ತಿದ್ವಿ..."

ಅತ್ತೆ ನನ್ನೆದುರು ಕುಕ್ಕರುಗಾಲಲ್ಲಿ ಕೂತರು. "ಬಾಗ್ಲು ಹಾಕುದ್ರೆ ಏನಾಯ್ತದೆ ಮಗ?"

"ಅಮ್ಮ ಬಂದು, ಬಾಗ್ಲು ಹಾಕವ್ರೆ ಅಂತ ವಾಪಸ್ ಹೋಗ್ಬುಟ್ರೆ?"

ಅತ್ತೆ ಅಜ್ಜಿಯ ಕಡೆ ತಿರುಗಿದರು.

"ಈಗ್ಲಾದ್ರೂ ಹೇಳಿಬುಡಿ ಅವ್ವಾ. ಅದನ್ನ ನಾನು ಹೇಳ್ಬಾರ್ದು, ನೀವೇ ಹೇಳ್ಬೇಕು," ಎಂದರು ಅತ್ತೆ.

ಅಜ್ಜಿ ನನ್ನನ್ನು ಮಡಿಲಿಗೆಳೆದುಕೊಂಡು ಹೇಳಿದಳು. ಅಮ್ಮನಿಗಾಗಿ ನಾನು ಅತ್ತದ್ದು ಅಂದೇ ಮೊದಲು. ಅಜ್ಜಿಯೂ ದನಿ ತೆಗೆದು ಅತ್ತಳು. ಅಲ್ಲಿಯವರೆಗೆ ನನ್ನ ಕಣ್ಣು ತಪ್ಪಿಸಿ ಹಿತ್ತಿಲಲ್ಲಿ ಅಳುತ್ತಿದ್ದಳಂತೆ, ಪಾಪ.

ಆಮೇಲೂ ಕೆಲವು ಸಂಜೆ ನಾನು ಕಿರುಚಿದ್ದುಂಟು. ಆಗೆಲ್ಲ ಅಜ್ಜಿ ಗದರದೆ ಪಕ್ಕದಲ್ಲಿ ಕೂತು ಅಮ್ಮನ ಮಾತು ತೆಗೆಯುತ್ತಿದ್ದಳು... ಕಚ್ಚುವುದು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಅವರು ಮಾಡಿದ ಉಪಕಾರ ಎಂಥದ್ದೆಂದು ತಿಳಿಯುವ ವಯಸ್ಸು ಬರುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಬೇರೆಯವರಿದ್ದರು. ಈಗ ನನ್ನ ತೋಳೆಲ್ಲ ಸುಕ್ಕುಗಟ್ಟಿದೆ. ಬರೆ ಮಾತ್ರ ಒಂದೂ ಇಲ್ಲ. ತೋರಿಸೋಣವೆಂದರೆ ಅವರಿಲ್ಲ.