ಎಪ್ಪತ್ತೆರಡು ಮೆಟ್ಟಿಲಿನ ಹಾಲಕ್ಕ

ಬೆಳಗಿನ ಐದೂಕಾಲು ಗಂಟೆ. ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಕಟ್ಟಡ. ಮೊದಲ ಮೆಟ್ಟಿಲ ಬಳಿ ಹಾಲಕ್ಕ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ, ಎಡಗೈಯಲ್ಲಿ ಕಂಬಿ ಹಿಡಿಯುತ್ತಾರೆ. ಚೀಲದಲ್ಲಿ ಅರ್ಧ ಲೀಟರಿನ ಹದಿನಾರು ಹಾಲಿನ ಪ್ಯಾಕೆಟ್. ಮೂಗಿನಿಂದ ಗಾಳಿ ಎಳೆದುಕೊಂಡು ನಿಲ್ಲುತ್ತಾರೆ. ಆಮೇಲೆ ಬಿಸಿ ಹಾಲನ್ನು ಊದಿ ಆರಿಸುವವರಂತೆ ತುಟಿ ಗುಂಡಗೆ ಮಾಡಿ, ಉಸಿರು ಬಿಡುತ್ತಾ ಎರಡು ಮೆಟ್ಟಿಲು ಹತ್ತುತ್ತಾರೆ. ಮತ್ತೆ ನಿಲ್ಲುತ್ತಾರೆ. ಹೀಗೆ ಎಪ್ಪತ್ತೆರಡು ಮೆಟ್ಟಿಲು, ಹನ್ನೆರಡು ಮನೆ. ಹತ್ತುತ್ತ ಹೋದಂತೆ ಚೀಲ ಹಗುರವಾಗುತ್ತದೆ, ಎದೆ ಭಾರವಾಗುತ್ತದೆ.

ಐವತ್ತಾರು ವರ್ಷದ ಹಾಲಕ್ಕನ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ. ಆರು ವರ್ಷದ ಹಿಂದೆ ಅದನ್ನು ಕಂಡುಹಿಡಿದ ಡಾಕ್ಟರು ಮೊದಲು ಕೇಳಿದ್ದೇ ಬೀಡಿ ಸೇದುತ್ತೀರಾ ಎಂದು. ಅದನ್ನು ನೆನೆದರೆ ಅವರಿಗೆ ಈಗಲೂ ನಗು. "ಬೀಡಿ ಮುಟ್ಟಿದವಳಲ್ಲ ನಾನು. ಹಾಸ್ಟೆಲ್ಲಿನ ಒಲೆ ಮುಂದೆ ಹತ್ತೊಂಬತ್ತು ವರ್ಷ ಕೂತಿದ್ದೆ. ಇನ್ನೂರು ಜನಕ್ಕೆ ಅಡುಗೆ, ಹಸಿ ಸೌದೆ. ಇದ್ದಿದ್ದು ಒಂದೇ ಕಿಟಕಿ. ಗಾಳಿಗೆ ಉರಿ ಚೆದುರುತ್ತೆ ಅಂತ ಅದನ್ನೂ ನಾವೇ ಮುಚ್ಚಿಡ್ತಿದ್ವಿ."

ಕಾಯಿಲೆಯ ಹೆಸರು ಗೊತ್ತಾದ ಮೇಲೆ ಮೂರು ತಿಂಗಳು ಮೂಲೆ ಹಿಡಿದರು. ಸ್ನಾನ ಮಾಡಿ ಬಂದರೂ ಏದುಸಿರು. ಎದ್ದರೆ ಎಲ್ಲಿ ಬೀಳುತ್ತೇನೋ ಎಂದು ಕೂತರು. ಕೂತು ಕೂತು ಕಾಲಿನ ಶಕ್ತಿಯೂ ಹೋಯಿತು. ಕೊನೆಗೆ ಆಸ್ಪತ್ರೆಯ ನರ್ಸ್ ಒಬ್ಬರು ಗದರಿಸಿ ಎಬ್ಬಿಸಿದರು. ದಿನಕ್ಕೆ ಎರಡು ಸಲ ಇನ್ಹೇಲರ್ ಪಂಪು ಎಳೆಯುವುದು, ಉಸಿರು ಬಿಡುತ್ತಾ ಹೆಜ್ಜೆ ಇಡುವುದು, ಸುಸ್ತಾಗುವ ಮೊದಲೇ ಕೂರುವುದು, ಎಲ್ಲವನ್ನೂ ಎಳೆ ಮಗುವಿಗೆ ಹೇಳಿಕೊಡುವಂತೆ ಕಲಿಸಿದರು. ಓಡಾಡುವ ಕೆಲಸವನ್ನೇ ಹುಡುಕಿಕೊಳ್ಳಿ ಎಂದದ್ದೂ ಅವರೇ. ಹಾಲಿನ ಕೆಲಸ ಸಿಕ್ಕಿದ್ದು ಹಾಗೆ.

ಎಂಟು ನಿಮಿಷದಲ್ಲಿ ಮುಗಿಯಬೇಕಾದ ಕಟ್ಟಡ ಅವರಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಮಹಡಿಗೊಮ್ಮೆ ಮೆಟ್ಟಿಲ ಮೇಲೇ ಕೂರುತ್ತಾರೆ. ಬಾಗಿಲು ತೆರೆದವರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ಮಂಡಿನೋವು ಹೇಗಿದೆ, ಮಗಳ ಪರೀಕ್ಷೆ ಏನಾಯಿತು. ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಇವರ ಉಸಿರು ಹಿಂದಿರುಗಿರುತ್ತದೆ. ಅತ್ತೆ ಮೆಟ್ಟಿಲ ಮೇಲೇ ಇನ್ನೊಂದು ಸಂಸಾರ ಹೂಡಿದ್ದಾರೆ ಎಂದು ಮನೆಯಲ್ಲಿ ಸೊಸೆ ಕಾಲೆಳೆಯುತ್ತಾಳೆ. ಹಾಲಕ್ಕ ಒಪ್ಪಿಕೊಳ್ಳುತ್ತಾರೆ. "ಮೊದಮೊದಲು ಉಸಿರಿಗೋಸ್ಕರ ಕೇಳ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಈಗ ಉತ್ತರ ಕೇಳದೆ ಹೋದ್ರೆ ನನಗೇ ಸಮಾಧಾನ ಇರಲ್ಲ."

ಈ ಮೆಟ್ಟಿಲುಗಳೇ ಕಳೆದ ವರ್ಷ ಕೈತಪ್ಪುವುದರಲ್ಲಿದ್ದವು. ಯಾರ ಕೆಟ್ಟತನದಿಂದಲೂ ಅಲ್ಲ. ನಾಲ್ಕನೇ ಮಹಡಿಯಲ್ಲಿ ಮಗಳ ಜೊತೆಗಿರುವ ನಿವೃತ್ತ ಮೇಷ್ಟ್ರು ಒಂದು ದಿನ ಇವರು ಮೆಟ್ಟಿಲ ಮೇಲೆ ಕೂತು ಉಬ್ಬಸ ಪಡುವುದನ್ನು ಕಂಡರು. ಅವರ ಹೆಂಡತಿ ಹೀಗೇ ಉಸಿರು ಸಿಗದೆ ತೀರಿಕೊಂಡಿದ್ದರು. ಮೇಷ್ಟ್ರು ಮನೆಮನೆಗೂ ಹೋಗಿ ಹೇಳಿದರು. ಎರಡೇ ದಿನದಲ್ಲಿ ಹನ್ನೆರಡು ಬಾಲ್ಕನಿಗಳಿಂದ ಹನ್ನೆರಡು ಹಗ್ಗ, ತುದಿಗೊಂದು ಚೀಲ. ಹಾಲಕ್ಕ ಕೆಳಗೇ ನಿಂತು ಹಾಲು ಹಾಕಿದರೆ ಸಾಕು.

ಎಲ್ಲರೂ ಖುಷಿಪಟ್ಟರು. ಹಾಲಕ್ಕನೂ ಕೈಮುಗಿದರು. ಅಷ್ಟು ಜನರ ಅಕ್ಕರೆಯನ್ನು ಬೇಡ ಎನ್ನಲು ಬಾಯಿ ಬರಬೇಕಲ್ಲ. ಆದರೆ ಅತಿಯಾದರೆ ಅಮೃತವೂ ವಿಷ. ಎರಡು ತಿಂಗಳಾದ ಮೇಲೆ ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿ ಅಳೆದರು. ಹಿಂದಿನ ಸಲ ಮುನ್ನೂರ ಹತ್ತು ಮೀಟರ್ ನಡೆದವರು ಇನ್ನೂರ ಅರವತ್ತಕ್ಕೆ ಇಳಿದಿದ್ದರು. ಕಾಲು ಸೋತರೆ ಉಸಿರೂ ಸೋಲುತ್ತದೆ ಎಂದು ನರ್ಸ್ ಬೇಸರಪಟ್ಟರು. ಹೀಗೇ ಬಿಟ್ಟರೆ ಮತ್ತೆ ಅದೇ ಮೂಲೆ, ಅದೇ ಹಾಸಿಗೆ ಎಂದು ಹಾಲಕ್ಕನಿಗೆ ಖಚಿತವಾಯಿತು.

ಮುಂದಿನ ಭಾನುವಾರ ಕಟ್ಟಡದವರ ಸಭೆ. ಯಾರೂ ಕರೆಯದಿದ್ದರೂ ಹಾಲಕ್ಕ ಹೋದರು. ಅವರಿಗೆ ಒಂದೇ ಉಸಿರಿಗೆ ಮಾತಾಡಲು ಬರುವುದಿಲ್ಲ. ಎರಡೆರಡು ಪದಕ್ಕೆ ನಿಲ್ಲಬೇಕು. ಜನ ಕಾದರು. "ನಿಮ್ಮ ಒಳ್ಳೇತನ... ನನಗೆ ಸ್ವಲ್ಪ ಜಾಸ್ತಿಯಾಯ್ತು. ನನ್ನ ಔಷಧಿ... ಅರ್ಧ ಪಂಪಿನಲ್ಲಿದೆ, ಅರ್ಧ ಮೆಟ್ಟಿಲಲ್ಲಿದೆ. ದಯವಿಟ್ಟು... ಹಗ್ಗ ಮೇಲೆ ಎಳ್ಕೊಳ್ಳಿ."

ಹನ್ನೊಂದು ಹಗ್ಗ ಮೇಲೆ ಹೋದವು. ಮೇಷ್ಟ್ರದು ಮಾತ್ರ ನೇತಾಡುತ್ತಲೇ ಇತ್ತು. ಹಾಲಕ್ಕ ಅದನ್ನು ಕಂಡೂ ಕಾಣದಂತೆ ದಾಟಿ, ದಿನವೂ ಹತ್ತಿ ಹೋಗಿ ಅವರ ಬಾಗಿಲು ತಟ್ಟುತ್ತಿದ್ದರು. ಹಾಲು ಒಳಗೆ ತೆಗೆದುಕೊಳ್ಳುತ್ತಿದ್ದವಳು ಮಗಳು. ಹತ್ತನೇ ದಿನ ಮೇಷ್ಟ್ರೇ ಬಂದು ನಿಂತರು. ನೀವು ಹೀಗೆ ಹತ್ತುವುದನ್ನು ನನ್ನಿಂದ ನೋಡಲಾಗುವುದಿಲ್ಲ ಎಂದರು.

"ನೋಡ್ಬೇಡಿ ಸಾರ್," ಎಂದರು ಹಾಲಕ್ಕ. "ಬಾಗಿಲು ಮಾತ್ರ ತೆಗೀರಿ."

ಮಾರನೇ ದಿನ ಬಾಗಿಲು ತಟ್ಟುವ ಮೊದಲೇ ತೆರೆದಿತ್ತು. ಹೊರಗೊಂದು ಸ್ಟೂಲ್ ಇತ್ತು, ಹಗ್ಗ ಇರಲಿಲ್ಲ. ಕಳೆದ ತಿಂಗಳ ಪರೀಕ್ಷೆಯಲ್ಲಿ ಹಾಲಕ್ಕ ಮುನ್ನೂರ ಐದು ಮೀಟರ್ ನಡೆದಿದ್ದಾರೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಚಳಿಗಾಲದಲ್ಲಿ ಕೆಲವು ದಿನ ಮೊಮ್ಮಗಳನ್ನು ಎತ್ತಿಕೊಳ್ಳಲೂ ಆಗುವುದಿಲ್ಲ. ಅದನ್ನು ಹೇಳುವಾಗ ಮಾತ್ರ ಅವರ ಕಣ್ಣು ತುಂಬುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ, ಮೊದಲು ಖಾಲಿ ಚೀಲ ಮಡಿಸಿ, ಉಸಿರು ಸರಿಮಾಡಿಕೊಳ್ಳುತ್ತಾರೆ. "ಎಲ್ಲಿ ಕೂತೆ, ಎಷ್ಟು ಸಲ ಕೂತೆ ಅಂತ ಯಾರೂ ಎಣಿಸ್ಬಾರ್ದು," ಎನ್ನುತ್ತಾರೆ. "ಆರು ಗಂಟೆಗೆ ಹಾಲು ಬಂತಾ, ಅಷ್ಟು ಕೇಳ್ಲಿ. ಬಂದಿರುತ್ತೆ."